ವಾರಕ್ಕೊಂದು ಹಾಡು

ನಮ್ಮ ಸೀಮೆಯಲ್ಲಿ ಮನುಷ್ಯರಿಗಿದ್ದಂತೆ ಸಂಗೀತಕ್ಕೂ ಕೇರಿಗಳಿದ್ದವು. ಕಟ್ಟೆಮಳಲವಾಡಿಯ ಆಸುಪಾಸಿನ ಯಾವ ಹಳ್ಳಿಯನ್ನು ತೆಗೆದುಕೊಂಡರೂ ರಾಮಮಂದಿರದಲ್ಲಿ ಭಜನೆ, ದೇವರಗುಡ್ಡರ ಮನೆಯ ಮುಂದೆ ಮಾದಪ್ಪನ ಕಂಸಾಳೆ, ಊರ ಹೊರಗಿನ ಕೇರಿಯಲ್ಲಿ ನೀಲಗಾರರ ತಂಬೂರಿ, ಅನುಕೂಲಸ್ಥರ ಮದುವೆಯ ಚಪ್ಪರದಲ್ಲಿ ನಾಗಸ್ವರ, ಟೆಂಟಿನಲ್ಲಿ ಸಿನಿಮಾ ಹಾಡು, ಹೀಗೆ ಒಂದೊಂದಕ್ಕೂ ಒಂದೊಂದು ಠಾವು ನಿಗದಿಯಾಗಿತ್ತು. ಗಾಳಿಗೆ ಕೇರಿಯ ಗಡಿ ತಿಳಿಯದಾದ್ದರಿಂದ ಎಲ್ಲರ ಕಿವಿಗೂ ಎಲ್ಲವೂ ಬೀಳುತ್ತಿತ್ತು, ನಿಜ. ಆದರೆ ಕಿವಿಗೆ ಬೀಳುವುದು ಬೇರೆ, ಕುಳಿತು ಕೇಳುವುದು ಬೇರೆ. ಕುಳಿತು ಕೇಳಬೇಕಾದರೆ ಯಾರ ಮನೆಯ ಜಗಲಿಯ ಮೇಲೆ ಕುಳಿತುಕೊಳ್ಳುವುದು ಎಂಬ ಪ್ರಶ್ನೆ ಏಳುತ್ತಿತ್ತು.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಈ ಪ್ರಶ್ನೆಯನ್ನು ಕೇಳದೆಯೇ ಎಲ್ಲರ ಮನೆಗೂ ಎಲ್ಲ ಬಗೆಯ ಹಾಡನ್ನು ತಂದುಕೊಟ್ಟದ್ದು ರೇಡಿಯೋ. ಈ ವಿಷಯದಲ್ಲಿ ಮೈಸೂರಿನವರಾದ ನಾವು ಸ್ವಲ್ಪ ಹೆಮ್ಮೆಪಟ್ಟರೆ ತಪ್ಪಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿಯೇ ಪುಟ್ಟದೊಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಸಂದದ್ದು ಅಲ್ಲಿಂದಲೇ. 1955ರಲ್ಲಿ ಕೇಂದ್ರವು ಬೆಂಗಳೂರಿಗೆ ಹೋಯಿತು. 1974ರಲ್ಲಿ ಮೈಸೂರಿಗೆ ಮತ್ತೆ ಕೇಂದ್ರ ಬಂದಿತು.

ನನ್ನ ಬಾಲ್ಯದ ವಾರಗಳನ್ನು ಅಳೆದದ್ದು ಹಾಡುಗಳೇ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ವಾರ್ತಾ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಎಡೆ ಇಲ್ಲವಾಗುತ್ತ ಬಂದಿತು. ಅದೇ ವರ್ಷ ರೇಡಿಯೋ ಸಿಲೋನ್ ‘ಬಿನಾಕಾ ಗೀತಮಾಲಾ’ವನ್ನು ಆರಂಭಿಸಿತು. ಬುಧವಾರ ರಾತ್ರಿ ಎಂಟಾಯಿತೆಂದರೆ, ಹಿಂದಿಯ ಒಂದಕ್ಷರ ಬಾರದವರೂ ಅಮೀನ್ ಸಯಾನಿಯವರ ದನಿಗೆ ಕಿವಿಗೊಟ್ಟು ಈ ವಾರ ಯಾವ ಹಾಡು ಮೇಲೇರಿತು, ಯಾವುದು ಇಳಿಯಿತು ಎಂದು ಕಾದಿರುತ್ತಿದ್ದರು. 1957ರ ಅಕ್ಟೋಬರ್ 3ರಂದು ವಿವಿಧಭಾರತಿ ಹುಟ್ಟಿದ ಮೇಲೆ ಸಿನಿಮಾ ಹಾಡು ಆಕಾಶವಾಣಿಗೂ ಮರಳಿತು. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಪಟೇಲರ ಮನೆಯ ಹೊರಜಗಲಿಯಲ್ಲಿ ನಿಂತು ಕೇಳಿದ್ದು. ಹಾಡು ಮರುದಿನ ಶಾಲೆಯಲ್ಲಿ ಬಾಯಿಂದ ಬಾಯಿಗೆ ಹರಿದು, ಮುಂದಿನ ಬುಧವಾರದವರೆಗೆ ಅದೇ ನಮ್ಮ ಊಟ, ಅದೇ ನಮ್ಮ ತಿಂಡಿ. ಹೊಸ ಹಾಡೊಂದು ಮೈಗೂಡಲು ಒಂದು ವಾರ ಬೇಕು ಎಂಬುದನ್ನು ನಾನು ಕಲಿತದ್ದು ಆಗ.

ಮೇಷ್ಟರ ಕೆಲಸಕ್ಕೆ ಸೇರಿ ಹಲವು ವರ್ಷಗಳಾದ ಮೇಲೆ, 1986ರಲ್ಲಿ, ಸಂಬಳದ ಹಿಂಬಾಕಿ ಬಂದಾಗ ಒಂದು ಟೇಪ್‌ರೆಕಾರ್ಡರ್ ಕೊಂಡೆ. ಶನಿವಾರ ಬೆಳಗಿನ ಶಾಲೆ. ಕೊನೆಯ ಅವಧಿಯಲ್ಲಿ ಮಕ್ಕಳ ಮನಸ್ಸೆಲ್ಲ ಬಸ್ಸಿನ ಮೇಲೆ. ಆ ಅವಧಿಯನ್ನು ನಾನು ‘ವಾರಕ್ಕೊಂದು ಹಾಡು’ ಎಂದು ಕರೆದೆ. ನಿಯಮಗಳು ನಾಲ್ಕೇ. ವಾರಕ್ಕೆ ಒಂದೇ ಹಾಡು. ತಂದವರು ಅದನ್ನು ಏಕೆ ತಂದರೆಂದು ಎದ್ದು ನಿಂತು ಹೇಳಬೇಕು. ಕಳೆದ ನಾಲ್ಕು ವಾರಗಳಲ್ಲಿ ಬಂದ ಬಗೆಯ ಸಂಗೀತ ಮತ್ತೆ ಬರಬಾರದು. ಹಿಡಿಸಲಿ, ಹಿಡಿಸದಿರಲಿ, ಕೊನೆಯವರೆಗೆ ಕೇಳಬೇಕು, ನಗಬಾರದು.

ಮೊದಲ ತಿಂಗಳು ನಾನೇ ತಂದೆ. ‘ನಿತ್ಯೋತ್ಸವ’ದಿಂದ ಆರಂಭ. 1978ರಲ್ಲಿ ಬಂದ ಆ ಧ್ವನಿಸುರುಳಿಯಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ್ದರು. ಪಠ್ಯಪುಸ್ತಕದ ಪದ್ಯ ಹೀಗೂ ಹಾಡಾಗುತ್ತದೆಯೇ ಎಂದು ಮಕ್ಕಳಿಗೆ ಅಚ್ಚರಿ. ಎರಡನೆಯ ವಾರ ನಮ್ಮ ಜಿಲ್ಲೆಯವರೇ ಆದ, ತಿರುಮಕೂಡಲಿನ ಟಿ. ಚೌಡಯ್ಯನವರ ಪಿಟೀಲು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಕಟ್ಟಿದವರು ಅವರು. ಕೊನೆಯ ಬೆಂಚಿನ ಹುಡುಗರಿಗೆ ಆ ವಿವರ ಬಹಳ ಹಿಡಿಸಿತು! ಮೂರನೆಯ ವಾರ ಮಲ್ಲಿಕಾರ್ಜುನ ಮನ್ಸೂರರು. ಮೊದಲು ಕರ್ನಾಟಕ ಸಂಗೀತವನ್ನು ಕಲಿತು, ಅನಂತರ ಮಿರಜಿನ ನೀಲಕಂಠಬುವಾ ಅವರಲ್ಲಿ, ಆಮೇಲೆ ಮಂಜಿಖಾನರಲ್ಲಿ ಹಿಂದೂಸ್ತಾನಿಯನ್ನು ಕಲಿತ ಅವರ ಬದುಕೇ ಕೇರಿ ದಾಟಿದ ಕಥೆ. ನಾಲ್ಕನೆಯ ವಾರ 1966ರ ‘ಸಂಧ್ಯಾರಾಗ’ ಚಿತ್ರದ ಹಾಡು, ಜಿ.ಕೆ. ವೆಂಕಟೇಶರ ಸಂಗೀತದಲ್ಲಿ ಭೀಮಸೇನ ಜೋಶಿಯವರು ಸಿನಿಮಾಕ್ಕಾಗಿ ಹಾಡಿದ್ದು.

ಐದನೆಯ ವಾರದಿಂದ ಮಕ್ಕಳ ಸರದಿ. ಒಬ್ಬಳು ಅಜ್ಜಿಯಿಂದ ಕಲಿತ ಬೀಸುವ ಪದವನ್ನು ತಾನೇ ಹಾಡಿದಳು. ಒಬ್ಬ ‘ಸತ್ಯ ಹರಿಶ್ಚಂದ್ರ’ದ ಹಾಡು ತಂದ, ಆ ಚಿತ್ರದ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿಯವರು ನಮ್ಮ ತಾಲ್ಲೂಕಿನವರೇ ಎಂದು ನಾನು ಹೇಳಿದಾಗ ಇಡೀ ತರಗತಿ ನೆಟ್ಟಗೆ ಕುಳಿತಿತು. ಹೊಗೆಸೊಪ್ಪಿನ ಬ್ಯಾರನ್ನಿಗೆ ಇಡೀ ರಾತ್ರಿ ಬೆಂಕಿ ಹಾಕುವ ಮನೆಯ ಹುಡುಗನೊಬ್ಬ, ನಿದ್ದೆ ಬಾರದಿರಲೆಂದು ತಾನು ಟ್ರಾನ್ಸಿಸ್ಟರಿನಲ್ಲಿ ಕೇಳುವ ಹಾಡಿನ ಧಾಟಿಯನ್ನಷ್ಟೇ ಶಿಳ್ಳೆಯಲ್ಲಿ ನುಡಿಸಿ ತೋರಿಸಿದ.

ಮೈಸೂರಿನ ಮಿತ್ರರೊಬ್ಬರು ನಕಲು ಮಾಡಿಕೊಟ್ಟ ಪಾಶ್ಚಾತ್ಯ ಪಿಯಾನೋ ಸಂಗೀತವನ್ನೂ ಒಮ್ಮೆ ಕೇಳಿಸಿದೆ. “ಇದು ನಮಗ್ಯಾಕೆ ಸಾ?” ಎಂದನೊಬ್ಬ. ನಾನು ಜಯಚಾಮರಾಜೇಂದ್ರ ಒಡೆಯರ ಕಥೆ ಹೇಳಿದೆ. ಸ್ವತಃ ಪಿಯಾನೋ ಬಲ್ಲವರಾಗಿದ್ದ ಮಹಾರಾಜರು, ಲಂಡನ್ನಿನಲ್ಲಿ ಕಡುಕಷ್ಟದಲ್ಲಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಕಾಲನ ಪಾಲಾಗಬಾರದೆಂದು ಹಣ ಕೊಟ್ಟು ಮುದ್ರಿಸಿದರು. ಮೆಟ್ನರ್ ಸೊಸೈಟಿಯ ಆ ಧ್ವನಿಮುದ್ರಿಕೆಗಳು 1949ರಿಂದ ಹೊರಬಂದವು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅದೇ ಮಹಾರಾಜರು ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ಬಿಡಬೇಕಾಗಿಲ್ಲ ಎಂಬುದಕ್ಕೆ ನಮ್ಮ ಅರಮನೆಗಿಂತ ಹತ್ತಿರದ ಸಾಕ್ಷಿ ಬೇಡವಷ್ಟೆ.

ಇಷ್ಟಾದರೂ ಒಬ್ಬ ಹುಡುಗ ಮಾತ್ರ ಸರದಿ ಬಂದಾಗಲೆಲ್ಲ ತಲೆತಗ್ಗಿಸಿ ಕೂರುತ್ತಿದ್ದ. ಹೆಸರು ಬರೆಯುವುದಿಲ್ಲ, ಆ ವರ್ಷದವರಿಗೆ ತಿಳಿಯುತ್ತದೆ. ಅವನ ತಂದೆ ನೀಲಗಾರರು. ಮಂಟೇಸ್ವಾಮಿಯ ಒಕ್ಕಲಾಗಿ ದೀಕ್ಷೆ ಪಡೆದು, ತಂಬೂರಿ ಹಿಡಿದು, ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿ ಜಾತ್ರೆಗೂ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು ಜಾತ್ರೆಗೂ ತಪ್ಪದೆ ಹೋಗುವವರು. ಮಗ ಮಾತ್ರ ಸ್ನೇಹಿತರ ಬಳಿ “ನಮ್ಮಪ್ಪ ಕೂಲಿ ಮಾಡ್ತಾರೆ” ಎಂದಷ್ಟೇ ಹೇಳಿಕೊಂಡಿದ್ದ. ತಂಬೂರಿ ಹಿಡಿದು ಮನೆಮನೆಯ ಮುಂದೆ ಹಾಡುವುದನ್ನು ಊರು ಭಿಕ್ಷೆ ಎನ್ನುತ್ತಿತ್ತು. ಹದಿನೈದರ ಹುಡುಗನಿಗೆ ಆ ಮಾತು ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಹತ್ತನೆಯ ತರಗತಿ ಮುಗಿದೊಡನೆ ಊರನ್ನೇ ಬಿಡುವುದಾಗಿ ಅವನು ಒಬ್ಬಿಬ್ಬರಲ್ಲಿ ಹೇಳಿದ್ದನಂತೆ.

ಅವನ ಬಾಯಿ ತೆರೆಸಿದ್ದು ಟಿಬೆಟನ್ನರು! ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ನೆಲೆಯಲ್ಲಿ ಗ್ಯುಮೆ ತಾಂತ್ರಿಕ ಮಠವಿದೆ. ಅಲ್ಲಿನ ಭಿಕ್ಷುಗಳ ಮಂತ್ರಪಠಣದ ರೀತಿ ಜಗತ್ತಿನಲ್ಲೇ ವಿರಳ. ಪಾತಾಳದಿಂದ ಬಂದಂತಹ ಮಂದ್ರದ ದನಿ, ಅದೇ ಗಂಟಲಿನಿಂದ ಅದರ ಮೇಲೆ ಇನ್ನೊಂದು ಸಣ್ಣ ದನಿ, ಎರಡೂ ಏಕಕಾಲಕ್ಕೆ ಕೇಳುತ್ತವೆ. ಅಲ್ಲಿನ ಪರಿಚಯಸ್ಥರು ಕೊಟ್ಟ ಧ್ವನಿಸುರುಳಿಯನ್ನು ಹಾಕಿದಾಗ ಮಕ್ಕಳು ನಗುವ ನಿಯಮವನ್ನು ಮುರಿಯುವುದರಲ್ಲಿದ್ದರು. “ಒಬ್ಬನೇ ಮನುಷ್ಯನಿಂದ ಎರಡು ಸ್ವರ ಹೇಗೆ ಹೊರಡುತ್ತದೆ, ಯಾರು ಹೇಳುತ್ತೀರಿ?” ಎಂದು ಕೇಳಿದೆ. ಎಲ್ಲರೂ ಸುಮ್ಮನಿದ್ದಾಗ ಹಿಂದಿನಿಂದ ದನಿ ಬಂತು: “ನಮ್ಮಪ್ಪನ ತಂಬೂರಿನೂ ಹಿಂಗೇ ಸಾ. ಒಂದು ತಂತಿ ಮೀಟಿದ್ರೆ ಅದರೊಳಗೆ ಇನ್ನೊಂದು ದನಿ ಕೇಳ್ತದೆ.”

ಅವನು ಹೇಳಿದ್ದು ಸತ್ಯ. ಅದನ್ನೇ ಸಂಗೀತಜ್ಞರು ಅನುಸ್ವರವೆನ್ನುತ್ತಾರೆ. ಆ ಸಂಜೆಯೇ ನಾನು ಅವರ ಮನೆಗೆ ಹೋದೆ. ಶಾಲೆಗೆ ಬಂದು ಹಾಡಬೇಕೆಂದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೇಷ್ಟ್ರೇ, ಸಿದ್ದಪ್ಪಾಜಿ ಕತೆ ಅರ್ಧ ಗಂಟೆಗೆ ಮುಗಿಯೋದಲ್ಲ. ಎಲ್ಲಿಗೆ ನಿಲ್ಸನ ಹೇಳಿ?” ಎಂದರು. “ಎಲ್ಲಿ ನಿಲ್ಲಿಸಿದರೆ ಮಕ್ಕಳು ಮುಂದೇನಾಯಿತೆಂದು ಕೇಳುತ್ತಾರೋ ಅಲ್ಲಿಗೆ ನಿಲ್ಲಿಸಿ” ಎಂದೆ.

ಸುದ್ದಿ ಊರಿಗೆ ಮುಟ್ಟಿತು. ಹಿರಿಯರೊಬ್ಬರು ನನ್ನನ್ನು ದಾರಿಯಲ್ಲಿ ತಡೆದು, “ಹಾಡ್ಸಿ, ಬ್ಯಾಡ ಅನ್ನಲ್ಲ. ಆದ್ರೆ ಹೊರಗೆ ಮರದಡಿ ಹಾಡ್ಲಿ” ಎಂದರು. ಅವರದು ಜಗಳದ ಮಾತಾಗಿರಲಿಲ್ಲ. ಅವರ ಮಟ್ಟಿಗೆ ಅದು ವಾಡಿಕೆಯ ಮಾತು. ಉಳಿದ ಹಾಡುಗಳೆಲ್ಲ ತರಗತಿಯ ಒಳಗೇ ಕೇಳಿಬಂದಿವೆ, ಇದೂ ಒಳಗೇ ಎಂದು ಹೇಳಿ ನಾನು ಮುಂದೆ ನಡೆದೆ. ಶನಿವಾರ ಅವರು ಬಂದಾಗ ಬಾಗಿಲಲ್ಲಿಯೇ ನಿಂತರು. ಹುಡುಗಿಯರಿಬ್ಬರು ಯಾರೂ ಹೇಳದೆಯೇ ಮುಂದಿನ ಬೆಂಚನ್ನು ಎಳೆದು ಕರಿಹಲಗೆಯ ಮುಂದೆ ಹಾಕಿದರು. ಅವರು ಕುಳಿತರು.

ಅವರ ಜೊತೆಗಾರರು ಕೂಲಿಗೆ ಹೋಗಿದ್ದರಿಂದ ಹಿಮ್ಮೇಳಕ್ಕೆ ಜನರಿರಲಿಲ್ಲ. ಒಂಟಿಯಾಗಿಯೇ ಎತ್ತಿಕೊಂಡರು. ಪಲ್ಲವಿಯ ಕೊನೆಗೆ ಬಂದಾಗ ಸ್ವರ ಹಿಡಿದು ನಿಲ್ಲಿಸುವವರಿಲ್ಲದೆ ಹಾಡು ಬರಿದಾಗುತ್ತಿತ್ತು. ಎರಡು ಬಾರಿ ಹೀಗಾಯಿತು. ಮೂರನೆಯ ಬಾರಿ ಕೊನೆಯ ಬೆಂಚಿನಿಂದ ಮಗನ ದನಿ ಸೇರಿಕೊಂಡಿತು. ಅವನು ಎದ್ದು ಬರಲಿಲ್ಲ, ತಲೆಯನ್ನೂ ಎತ್ತಲಿಲ್ಲ, ಕುಳಿತಲ್ಲಿಂದಲೇ ಹಾಡಿದ. ತಂದೆ ಅತ್ತ ತಿರುಗಿ ನೋಡದೆ ಮುಂದುವರಿಸಿದರು. ಮಂಟೇಸ್ವಾಮಿಯ ಅಪ್ಪಣೆಯಂತೆ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗ ಅದು. ಸಿದ್ದಪ್ಪಾಜಿ ಹಲಗೂರಿನ ಬೀದಿಯಲ್ಲಿ ನಿಂತು ಬೇಡುತ್ತಿರುವಾಗ ಅವರು ತಂಬೂರಿ ಕೆಳಗಿಟ್ಟರು. “ಕೊಟ್ರಾ?” ಎಂದು ಮುಂದಿನ ಸಾಲಿನ ಹುಡುಗನೊಬ್ಬ ಕೇಳಿದ. ಅವರು ನನ್ನ ಮುಖ ನೋಡಿ ನಕ್ಕರು. ಬಸ್ಸಿನ ಹೊತ್ತಾಗಿ ಹಲವರು ಆಗಲೇ ಓಡಿದ್ದರು. ಉಳಿದವರು ಒತ್ತಾಯಿಸಿದ್ದರಿಂದ ಮುಂದಿನ ಶನಿವಾರವೂ ಅವರೇ ಬಂದರು. ನಾಲ್ಕು ವಾರದ ನಿಯಮ ಸಡಿಲವಾದದ್ದು ಅದೊಂದೇ ಸಲ. ಆ ಸಲ ಮಗ ತಂದೆಯ ಪಕ್ಕದಲ್ಲಿ ಕುಳಿತು ಡಮ್ಮಡಿ ಬಾರಿಸಿದ.

ಅವನು ಹಾಡುಗಾರನಾಗಲಿಲ್ಲ. ಹತ್ತನೆಯ ತರಗತಿ ಮುಗಿಸಿ, ಮುಂದೆ ಓದಿ, ಮೈಸೂರಿನಲ್ಲಿ ನೌಕರಿ ಹಿಡಿದ. ಆದರೆ ಊರನ್ನು ಬಿಡಲಿಲ್ಲ. ಮೊದಲ ಸಂಬಳದಲ್ಲಿ ಟೇಪ್‌ರೆಕಾರ್ಡರ್ ಕೊಂಡು, ರಜೆಗೆ ಬಂದಾಗಲೆಲ್ಲ ತಂದೆಯನ್ನು ಕೂರಿಸಿಕೊಂಡು ಅವರಿಗೆ ಬರುತ್ತಿದ್ದುದನ್ನೆಲ್ಲ ಹನ್ನೊಂದು ಧ್ವನಿಸುರುಳಿಗಳಲ್ಲಿ ತುಂಬಿಸಿದ. ತಂದೆ ಈಗಿಲ್ಲ. ನಡುನಡುವೆ ಕೋಳಿ ಕೂಗುವುದೂ ತಾಯಿ ನೀರು ತಂದಿಡುವುದೂ ಕೇಳಿಸುವ ಆ ಹಾಡುಗಳು ಅವನ ಮಕ್ಕಳ ಬಳಿ ಭದ್ರವಾಗಿವೆ.

ಈಚೆಗೆ ನನ್ನ ಮೊಮ್ಮಗ ಫೋನಿನಲ್ಲಿ ಹಾಡು ಕೇಳುವ ಬಗೆಯನ್ನು ನನಗೂ ಕಲಿಸಿದ್ದಾನೆ. ಜಗತ್ತಿನ ಸಂಗೀತವೆಲ್ಲ ಅಂಗೈಯಲ್ಲಿದೆ. ಇದನ್ನು ಹಳಿಯುವ ಮುದುಕ ನಾನಲ್ಲ. ಆದರೆ ಒಂದನ್ನು ಗಮನಿಸಿದೆ. ಒಂದು ದಿನ ಮನ್ಸೂರರನ್ನು ಕೇಳಿದರೆ ಆ ಯಂತ್ರ ಮರುದಿನವೂ ಮನ್ಸೂರರನ್ನೋ ಅವರಂತೆ ಹಾಡುವವರನ್ನೋ ಮುಂದಿಡುತ್ತದೆ. ನನಗೇನು ಹಿಡಿಸುತ್ತದೆಂದು ಅದಕ್ಕೆ ಚೆನ್ನಾಗಿ ಗೊತ್ತು. ಹೀಗೆ ಮೆಲ್ಲಮೆಲ್ಲನೆ ಅದು ನನ್ನನ್ನು ನನ್ನ ಕೇರಿಯಲ್ಲಿಯೇ ಕೂರಿಸುತ್ತದೆ. ಇತ್ತ ಬಂಧುಗಳು ದಿನಕ್ಕೆ ಹತ್ತು ಹಾಡು ಕಳಿಸುತ್ತಾರೆ. ಕಳಿಸಿದವರೇ ಅದನ್ನು ಪೂರ್ತಿ ಕೇಳಿದ್ದಾರೋ ಇಲ್ಲವೋ ಎಂದು ಅನುಮಾನವಾಗುತ್ತದೆ.

ಆದ್ದರಿಂದ ನಾವು ಕೆಲವರು, ಹಳೆಯ ವಿದ್ಯಾರ್ಥಿಗಳು ಐದಾರು ಮಂದಿ ಮತ್ತು ನಾನು, ಆ ನಾಲ್ಕು ನಿಯಮಗಳನ್ನು ಮತ್ತೆ ಜಾರಿಗೆ ತಂದಿದ್ದೇವೆ. ಭಾನುವಾರಕ್ಕೊಬ್ಬರು, ಒಂದೇ ಹಾಡು, ಜೊತೆಗೆ ಏಕೆಂಬ ನಾಲ್ಕು ಮಾತು. ಹಾಡನ್ನು ಯಾರು ಬೇಕಾದರೂ ದಾಟಿಸಬಹುದು. “ಇದನ್ನು ಕೇಳು, ನಾನು ಜಾಮೀನು” ಎನ್ನುವವರೊಬ್ಬರಿದ್ದರೆ ಮಾತ್ರ ಪರಕೇರಿಯ ಹಾಡಿಗೆ ನಮ್ಮ ಕಿವಿ ತೆರೆಯುತ್ತದೆಂಬುದು ನನ್ನ ಅನುಭವ. ನೀವೂ ನಿಮ್ಮ ಮನೆಗಳಲ್ಲಿ ಇದನ್ನು ಆರಂಭಿಸಬಹುದು. ಖರ್ಚಿಲ್ಲ, ತುಸು ತಾಳ್ಮೆ ಬೇಕು.

ಕಳೆದ ಭಾನುವಾರ ಸರದಿ ಮೈಸೂರಿನ ಆ ಶಿಷ್ಯನದಾಗಿತ್ತು. ಶಿಶುನಾಳ ಷರೀಫರ ತತ್ವಪದವೊಂದನ್ನು ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತರು ಗಿಟಾರಿನೊಂದಿಗೆ ಹಾಡಿರುವುದನ್ನು ಕಳಿಸಿದ್ದ. “ನನ್ನ ಮಗಳಿಗೆ ಪ್ರಿಯ. ಮೊದಲು ನನಗೆ ಹಿಡಿಸಲಿಲ್ಲ ಸಾರ್, ಮೂರನೇ ಸಲಕ್ಕೆ ಹಿಡಿಸಿತು” ಎಂದು ಬರೆದಿದ್ದ. ನಾನು ಈಗ ಎರಡು ಸಲ ಕೇಳಿದ್ದೇನೆ. ವಾರ ಇನ್ನೂ ಮುಗಿದಿಲ್ಲ.