ಮೂಕವಾದ ಪೆಟ್ಟಿಗೆಯೊಡನೆ ಮೂರು ಊರು

ಸುಗ್ಗಿ ಮುಗಿದು ಊರಹಬ್ಬಗಳು ತೊಡಗಿದುವೆಂದರೆ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಕಾಲ ಬಂದಿತೆಂದೇ ತಿಳಿಯಬೇಕು. ದುರ್ಯೋಧನನ ಗದೆ ಮುರಿದರೆ ಬಡಗಿಯಿದ್ದಾನೆ. ಕೃಷ್ಣನ ಗಂಟಲು ಕಟ್ಟಿದರೆ ಶುಂಠಿ ಕಷಾಯವುಂಟು. ಆದರೆ ಆಂಪ್ಲಿಫೈಯರ್ ಕೆಟ್ಟಿತೋ, ಕೈಯಿಂದ ಹಣ ಹಾಕಿ ಪಾತ್ರ ಹಿಡಿದು, ತಿಂಗಳುಗಟ್ಟಲೆ ರಾತ್ರಿ ಕುಳಿತು ಕಲಿತ ಕಂದಪದ್ಯಗಳೆಲ್ಲ ಮುಂದಿನ ಎರಡು ಸಾಲಿನ ಜನಕ್ಕೇ ಮುಗಿದುಹೋಗುತ್ತವೆ. ಹಿಂದೆ ಕುಳಿತವರು ಚಾಪೆ ಸುತ್ತಿಕೊಂಡು ಮನೆಗೆ ನಡೆಯುತ್ತಾರೆ. ಹಾಗಾಗಿ ಹಾರ್ಮೋನಿಯಂ ಮೇಷ್ಟರು ಪೆಟ್ಟಿಗೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತುತ್ತಾರೆ.

ಮೊದಲು ಮಂಡ್ಯ. ೧೯೩೯ರಿಂದ ಜಿಲ್ಲೆಯ ಮುಖ್ಯಪಟ್ಟಣ, ಸಕ್ಕರೆಯ ಊರು. ಇಲ್ಲಿನ ಪೇಟೆಯಲ್ಲಿ ಹೊಸ ಪೆಟ್ಟಿಗೆ ಮಾರುವವರಿಗೆ ಬರವಿಲ್ಲ. ಹಳೆಯದನ್ನು ಕಂಡೊಡನೆ ಅಂಗಡಿಯವರ ಬಾಯಲ್ಲಿ ಬರುವುದು ಸಾಮಾನ್ಯವಾಗಿ ಒಂದೇ ಮಾತು: "ಇದ್ರ ಸಾಮಾನು ಈಗ ಸಿಗಲ್ಲ ಮೇಷ್ಟ್ರೇ, ಹೊಸದೇ ತಗಳಿ." ಮಾತು ಸುಳ್ಳೇ ಇರಬೇಕೆಂದೇನೂ ಇಲ್ಲ. ಆದರೂ ಪೆಟ್ಟಿಗೆಯನ್ನು ಬಿಟ್ಟುಹೋಗಲು ಮೇಷ್ಟರಿಗೆ ಧೈರ್ಯ ಸಾಲದು. ಒಳಗಿನ ತಾಮ್ರದ ತೂಕದ ಟ್ರಾನ್ಸ್‌ಫಾರ್ಮರ್ ಹಿಂದಿರುಗಿ ಬರುವಾಗ ಅದೇ ಇದ್ದೀತೆಂದು ಹೇಳುವವರಾರು? ವೈದ್ಯನ ಬಳಿ ರೋಗಿಗೆ ಬಾಯಾದರೂ ಇರುತ್ತದೆ. ಈ ರೋಗಿಗೆ ಹೋಗಿರುವುದೇ ಬಾಯಿ!

ಮದ್ದೂರಿಗೆ ಹಳೆಯ ರಸ್ತೆಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್. ೨೦೨೩ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಅವಸರದ ಕಾರುಗಳು ಊರಿನ ಹೊರಗೇ ಹಾದುಹೋಗುತ್ತವೆ. ವಡೆಯ ಆಸೆಯುಳ್ಳವರು ಮಾತ್ರ ಒಳಗೆ ಬರುತ್ತಾರೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಕಲಸಿ ತಟ್ಟಿದ ಆ ಗರಿಗರಿ ವಡೆಯನ್ನು ಮುರಿಯುತ್ತ ಮೇಷ್ಟರು ಜಾಣತನದ ಕೆಲಸವೊಂದನ್ನು ಮಾಡುತ್ತಾರೆ. ರಿಪೇರಿಯವರು ಎಲ್ಲಿದ್ದಾರೆಂದು ಅಂಗಡಿಗಳಲ್ಲಿ ಕೇಳುವುದಿಲ್ಲ. ಮದುವೆಗೆ ಶಾಮಿಯಾನ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವವರನ್ನು ಹುಡುಕಿ, "ನಿಮ್ಮ ಸೆಟ್ಟು ಕೆಟ್ಟರೆ ಯಾರಿಗೆ ಕೊಡ್ತೀರಿ?" ಎಂದು ಕೇಳುತ್ತಾರೆ. ನಾಳೆಯ ಮುಹೂರ್ತಕ್ಕೆ ಸೆಟ್ಟು ನುಡಿಯದಿದ್ದರೆ ಅನ್ನವೇ ತಪ್ಪುವ ಜನ ಇದಕ್ಕೆ ಸುಳ್ಳು ಹೇಳಿ ಪಡೆಯುವುದೇನು? ಅವರ ಉತ್ತರ ಕೆಲವೊಮ್ಮೆ ಮಂಡ್ಯಕ್ಕೇ ಹಿಂದಿರುಗಿಸುತ್ತದೆ, ಕೆಲವೊಮ್ಮೆ ಮಳವಳ್ಳಿಯ ಬಸ್ಸು ಹತ್ತಿಸುತ್ತದೆ.

ಮಳವಳ್ಳಿಯೆಂದರೆ ವಿದ್ಯುತ್ತಿನ ತವರು. ಈ ತಾಲ್ಲೂಕಿನ ಶಿವನಸಮುದ್ರದಿಂದಲೇ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೆ ತೊಂಬತ್ತು ಮೈಲಿಗೂ ಮಿಗಿಲಾದ ದೂರ ತಂತಿಯ ಮೇಲೆ ವಿದ್ಯುತ್ತು ಹರಿದದ್ದು. ಇಂಥ ಊರಿನಲ್ಲಿ ತಂತಿಯ ಮರ್ಮ ಬಲ್ಲವನೊಬ್ಬ ಸಿಕ್ಕರೆ ಆಶ್ಚರ್ಯವೇನು!

ನಂಬಬಹುದಾದವನ ಗುರುತು ಬೋರ್ಡಿನಲ್ಲಿರುವುದಿಲ್ಲ. ಆತ ತಿರುಪಿಗೆ ಕೈ ಹಚ್ಚುವ ಮೊದಲೇ ಕೇಳುತ್ತಾನೆ: "ಎಷ್ಟು ಹಾರ್ನ್ ಕಟ್ಟಿದ್ರಿ? ವೈರು ಎಲ್ಲೆಲ್ಲಿ ಗಂಟು ಹಾಕಿತ್ತು?" ಮರದಿಂದ ಮರಕ್ಕೆ ಎಳೆದ ತಂತಿಯ ಬೆತ್ತಲೆ ಗಂಟುಗಳು ಗಾಳಿಗೆ ಒಂದಕ್ಕೊಂದು ತಗುಲಿದರೆ ಒಳಗಿನ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸುಟ್ಟುಹೋಗಬಹುದು. ಅವನ್ನು ಬದಲಾಯಿಸಿ, ತಂತಿಯ ದೋಷವನ್ನು ಹಾಗೆಯೇ ಬಿಟ್ಟರೆ ಮುಂದಿನ ನಾಟಕಕ್ಕೂ ಅದೇ ಪಾಡು. ಬಳಿಕ ಆತ ಪೆಟ್ಟಿಗೆಯನ್ನು ನೇರವಾಗಿ ಕರೆಂಟಿಗೆ ಕೊಡದೆ, ನಡುವೆ ನೂರು ವ್ಯಾಟಿನ ಬಲ್ಬೊಂದನ್ನು ಸೀರೀಸಿನಲ್ಲಿ ಹಾಕುತ್ತಾನೆ. ಒಳಗೆ ಷಾರ್ಟ್ ಆಗಿದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ. ಸರಿಯಿದ್ದರೆ ಒಮ್ಮೆ ಬೆಳಗಿ ಮಂಕಾಗುತ್ತದೆ. ಮೇಷ್ಟರಿಗೂ ಕಾಣುವ ಪರೀಕ್ಷೆಯಿದು. ತೆಗೆದ ಹಳೆಯ ಸಾಮಾನನ್ನು ಕಾಗದದಲ್ಲಿ ಕಟ್ಟಿ ಅವರ ಕೈಗೇ ಕೊಡುತ್ತಾನೆ.

ಮಂಕಾದ ಬಲ್ಬಿನ ಬೆಳಕಿನಲ್ಲಿ ಮೇಷ್ಟರು ಮೈಕಿಗೆ ಬಾಯಿಟ್ಟು "ಹಲೋ" ಎನ್ನುತ್ತಾರೆ. ರಸ್ತೆಯಾಚೆಯ ಚಹದಂಗಡಿಯವನು ತಿರುಗಿ ನೋಡುತ್ತಾನೆ. ಕಂಬಳಿ ಮತ್ತೆ ಸುತ್ತಿಕೊಳ್ಳುತ್ತದೆ. ಹೊರಡುವ ಮುನ್ನ ಎರಡು ಸುರುಳಿ ಇನ್ಸುಲೇಷನ್ ಟೇಪು ಕೊಳ್ಳಲು ಅವರು ಮರೆಯುವುದಿಲ್ಲ.