ಅಲ್ಲ, ಶುಂಠಿ ಮತ್ತು ಸೀಸೆಯೊಳಗಿನ ಸತ್ವ

ನಮ್ಮ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಹಸಿಯದನ್ನು ‘ಅಲ್ಲ’ ಎನ್ನುತ್ತಾರೆ, ಒಣಗಿದ್ದನ್ನು ‘ಶುಂಠಿ’ ಎನ್ನುತ್ತಾರೆ. ಗೆಡ್ಡೆ ಒಂದೇ, ಹೆಸರು ಎರಡು. ಚಹಾಕ್ಕೆ ಜಜ್ಜಿ ಹಾಕುವುದು ಅಲ್ಲ. ಬಾಣಂತಿಗೆ ಬೆಲ್ಲ, ತುಪ್ಪ ಕಲಸಿ ಕೊಡುವುದು ಶುಂಠಿ. ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಸಹೋದ್ಯೋಗಿಯೊಬ್ಬರು ಸಂತೆಯಲ್ಲಿ ಶುಂಠಿ ಕೇಳಿದರಂತೆ. ಅಂಗಡಿಯವನು ಒಣ ಕೊಂಬನ್ನು ಮುಂದಿಟ್ಟ. ಇವರು ‘ಇದಲ್ಲ, ಇದಲ್ಲ’ ಎಂದಾಗ ಅವನು, ‘ಅಲ್ಲ ಬೇಕಂದ್ರ ಅಲ್ಲ ಅಂತ ಕೇಳ್ರಿ ಸರ, ಶುಂಠಿ ಯಾಕ ಕೇಳ್ತೀರಿ?’ ಎಂದನಂತೆ. ಶಿಕ್ಷಕರ ಕೊಠಡಿಯಲ್ಲಿ ಬಹಳ ದಿನ ನಗೆಯುಕ್ಕಿಸಿದ ಪ್ರಸಂಗವಿದು.

ಆ ಅಂಗಡಿಯವನ ಮಾತಿನಲ್ಲಿ ರಸಾಯನಶಾಸ್ತ್ರದ ಒಂದು ಪಾಠವೇ ಅಡಗಿದೆಯೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಸಂಸ್ಕೃತದವರೂ ಹಸಿಯದನ್ನು ‘ಆರ್ದ್ರಕ’ ಎಂದರು, ಅಂದರೆ ತೇವವುಳ್ಳದ್ದು. ಒಣಗಿದ್ದನ್ನು ‘ಶುಂಠಿ’ ಎಂದರು. ನಮ್ಮೂರಿನ ಉರ್ದು ಮನೆಗಳಲ್ಲಿಯೂ ಅದ್ರಕ್ ಬೇರೆ, ಸೋಂಠ್ ಬೇರೆ. ನೀರು ಹೋದ ಮಾತ್ರಕ್ಕೆ ಹೆಸರು ಏಕೆ ಬದಲಾಗಬೇಕು? ಏಕೆಂದರೆ ಒಣಗುವಾಗ ಹೋಗುವುದು ನೀರೊಂದೇ ಅಲ್ಲ.

1879ರ ಸುಮಾರಿಗೆ ಥ್ರೆಶ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಈ ಗೆಡ್ಡೆಯ ಖಾರದ ಅಂಶವನ್ನು ಬೇರ್ಪಡಿಸಿ ಅದಕ್ಕೆ ‘ಜಿಂಜೆರಾಲ್’ ಎಂದು ಹೆಸರಿಟ್ಟರು. ಹಸಿ ಅಲ್ಲದ ಖಾರಕ್ಕೆ ಮುಖ್ಯ ಕಾರಣ ಇದೇ. ಬಿಸಿಲಿನಲ್ಲಿ ಒಣಗಿಸಿದಾಗ ಜಿಂಜೆರಾಲಿನ ಒಂದು ಭಾಗವು ತನ್ನೊಳಗಿನಿಂದ ನೀರಿನ ಒಂದು ಅಣುವನ್ನು ಕಳೆದುಕೊಂಡು ‘ಶೋಗಾಲ್’ ಎಂಬ ಬೇರೆಯೇ ವಸ್ತುವಾಗುತ್ತದೆ. ಜಪಾನಿ ಭಾಷೆಯಲ್ಲಿ ‘ಶೋಗ’ ಎಂದರೆ ಶುಂಠಿ. ಈ ಶೋಗಾಲಿನ ಖಾರ ಜಿಂಜೆರಾಲಿನ ಸುಮಾರು ಎರಡು ಪಟ್ಟು. ಒಣಶುಂಠಿಯ ಚಿಟಿಕೆ ಗಂಟಲನ್ನು ಚುರ್ರೆನ್ನಿಸುವುದು ಇದರಿಂದಲೇ. ಅಡುಗೆಯಲ್ಲಿ ಬೇಯಿಸಿದರೆ ಜಿಂಜೆರಾಲಿನ ಸ್ವಲ್ಪ ಅಂಶ ಒಡೆದು ‘ಜಿಂಜೆರೋನ್’ ಆಗುತ್ತದೆ. ಅದು ಸೌಮ್ಯ, ನಸುಸಿಹಿ ಪರಿಮಳದ್ದು. ಅಲ್ಲಿಗೆ ಗೆಡ್ಡೆ ಒಂದು, ಬಿಸಿಲು ಮತ್ತು ಒಲೆ ಮಾಡಿದ ರೂಪಗಳು ಮೂರು.

ಇನ್ನು ಪರಿಮಳದ ಕಥೆ. ಶುಂಠಿಯನ್ನು ಕುಟ್ಟಿ ಉಗಿ ಹಾಯಿಸಿ ಆಸವನ ಮಾಡಿದರೆ, ಆವಿಯಾಗಿ ಹಾರಬಲ್ಲ ಅಂಶಗಳು ಉಗಿಯೊಡನೆ ಮೇಲೇರಿ, ತಂಪಾದಾಗ ನೀರಿನ ಮೇಲೆ ತೆಳುವಾದ ಎಣ್ಣೆಯಾಗಿ ನಿಲ್ಲುತ್ತವೆ. ಒಣಶುಂಠಿಯಲ್ಲಿ ಇಂಥ ಎಣ್ಣೆ ಸಾಮಾನ್ಯವಾಗಿ ಶೇಕಡಾ 1ರಿಂದ 3ರಷ್ಟಿರುತ್ತದೆ. ಆ ಎಣ್ಣೆ ಘಮಘಮಿಸುತ್ತದೆ, ಆದರೆ ಖಾರವಿರುವುದಿಲ್ಲ! ಖಾರದ ಜಿಂಜೆರಾಲ್ ಹಾರುವ ಜಾತಿಯದಲ್ಲ; ಅದು ಪಾತ್ರೆಯಲ್ಲೇ ಉಳಿಯುತ್ತದೆ. ಮೂಗಿಗೆ ಸಿಗುವುದು ಬೇರೆ, ನಾಲಗೆಗೆ ಸಿಗುವುದು ಬೇರೆ.

ಆ ಒಂದು ಹನಿ ಎಣ್ಣೆಯಲ್ಲಿಯೂ ಹತ್ತಾರು ವಸ್ತುಗಳಿವೆ. ಅವುಗಳನ್ನು ಬಿಡಿಸುವ ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರು. ಒಂಬತ್ತನೆಯ ತರಗತಿಯಲ್ಲಿ ಸೀಮೆಸುಣ್ಣದ ಕಡ್ಡಿಗೆ ಕಪ್ಪು ಶಾಯಿಯ ಚುಕ್ಕೆ ಇಟ್ಟು, ಬುಡ ಮಾತ್ರ ನೀರಿಗೆ ತಾಗುವಂತೆ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ನೀರು ಮೇಲೇರಿದಂತೆ ಕಪ್ಪಿನೊಳಗಿನಿಂದ ನೀಲಿ ಒಂದೆಡೆ, ಕೆಂಪು ಒಂದೆಡೆ ಬೇರ್ಪಡುತ್ತಿದ್ದವು. ತತ್ವ ಅದೇ. ಪ್ರಯೋಗಾಲಯದ ಯಂತ್ರದಲ್ಲಿ ನೀರಿನ ಬದಲು ಅನಿಲ ಹರಿಯುತ್ತದೆ, ಸೀಮೆಸುಣ್ಣದ ಬದಲು ಕೂದಲಿನಂಥ ಸಣ್ಣ, ಬಹು ಉದ್ದದ ನಳಿಗೆ ಇರುತ್ತದೆ. ಒಂದೊಂದು ವಸ್ತುವೂ ತನ್ನ ಹೊತ್ತಿಗೆ ಹೊರಬರುತ್ತದೆ. ಕೆಲವು ಯಂತ್ರಗಳ ಹೊರದಾರಿಯಲ್ಲಿ ಮನುಷ್ಯನೊಬ್ಬ ಮೂಗಿಟ್ಟು ಕುಳಿತು, ಬಂದದ್ದು ನಿಂಬೆಯ ವಾಸನೆಯೋ ಮಣ್ಣಿನ ವಾಸನೆಯೋ ಎಂದು ಬರೆದುಕೊಳ್ಳುತ್ತಾನೆ. ಯಂತ್ರ ಎಷ್ಟಿದೆಯೆಂದು ಹೇಳೀತು. ಹೇಗಿದೆಯೆಂದು ಹೇಳಲು ಮೂಗೇ ಬೇಕು.

ಇಂಥ ಕೆಲಸಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ನೆಲೆಯಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿ ವಿ. ಎಸ್. ಗೋವಿಂದರಾಜನ್ ಅವರು 1982ರಲ್ಲಿ ಶುಂಠಿಯ ರಸಾಯನ, ಸಂಸ್ಕರಣೆ ಮತ್ತು ಗುಣನಿರ್ಣಯವನ್ನು ಕುರಿತು ಪ್ರಕಟಿಸಿದ ಸುದೀರ್ಘ ಸಮೀಕ್ಷೆ ಜಗತ್ತಿನ ಸಂಶೋಧಕರಿಗೆ ಆಧಾರಗ್ರಂಥದಂತಾಯಿತು. ನಮ್ಮ ಹುಮನಾಬಾದಿನ ಹೆಸರಿನ ಶುಂಠಿ ತಳಿಯೇ ತೋಟಗಾರಿಕೆಯ ಪುಸ್ತಕಗಳಲ್ಲಿದೆ. ಇನ್ನೂ ಹಿಂದೆ ಹೋದರೆ, ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಅಲ್ಲ, ಇಂಗು, ಮೆಣಸುಗಳ ಅಡುಗೆಗಳಿವೆ. ಮೆಣಸಿನಕಾಯಿ ಇನ್ನೂ ಬಾರದಿದ್ದ ಕಾಲದಲ್ಲಿ ಖಾರಕ್ಕೆ ಇವೇ ಗತಿ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಹುಮನಾಬಾದಿನಲ್ಲಿರುವ ನನ್ನ ಕಾಕಾ ಅವರ ವಿಷಯವನ್ನು ನಿಮಗೆ ತಿಳಿಸಬೇಕಾಗಿದೆ. ವಯಸ್ಸಿನಲ್ಲಿ ನನಗಿಂತ ಆರೇ ವರ್ಷ ಹಿರಿಯರು. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಯಾರೋ ತಂದುಕೊಟ್ಟ ಅರಿಶಿನ ಸತ್ವದ ಗುಳಿಗೆಗಳನ್ನು ನಂಬಿ, ವೈದ್ಯರು ಬರೆದ ಮಾತ್ರೆಗಳನ್ನು ಅವರು ನಾಲ್ಕು ತಿಂಗಳು ಬಿಟ್ಟಿದ್ದರು. ಕಾಲಿನ ಸಣ್ಣ ಗಾಯ ಮಾಯದೆ ಕೊಳೆತು ಒಂದು ಬೆರಳನ್ನು ತೆಗೆಯಬೇಕಾಯಿತು. ನಾನು ನೋಡಲು ಹೋದಾಗ ದಿಂಬಿನ ಕೆಳಗಿನಿಂದ ಆ ಸೀಸೆ ತೆಗೆದು ತೋರಿಸಿದರು. ‘ತಮ್ಮಾ, ನೀ ಸೈನ್ಸ್ ಮಾಸ್ತರ ಇದ್ದಿ. ಇದು ಲ್ಯಾಬಿನಾಗ ಪರೀಕ್ಷಾ ಆಗ್ಯಾದ ಅಂತ ಬರದಾರ. ಸುಳ್ಳೇನು?’

ಸುಳ್ಳೆಂದು ನಾನು ಹೇಳಲಿಲ್ಲ. ‘ಕರ್ಕ್ಯುಮಿನ್ ಶೇಕಡಾ 95’ ಎಂದು ಸೀಸೆಯ ಮೇಲಿತ್ತು. ಅದು ನಿಜವೇ ಇರಬಹುದು. ಆದರೆ ಆ ಪರೀಕ್ಷೆ ಉತ್ತರಿಸಿದ್ದು ಸೀಸೆಯಲ್ಲಿ ಏನಿದೆ ಎಂಬ ಪ್ರಶ್ನೆಗೆ. ಕಾಕಾ ಅವರಿಗೆ ಬೇಕಾಗಿದ್ದುದು, ತಮ್ಮ ರೋಗಕ್ಕೆ ಅದು ಮಾತ್ರೆಯ ಬದಲಿಗೆ ಸಾಲುತ್ತದೆಯೇ ಎಂಬ ಬೇರೆಯೇ ಪ್ರಶ್ನೆಯ ಉತ್ತರ. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದರ ಕೆಳಗೆ ಬರೆದರೆ ಉತ್ತರಪತ್ರಿಕೆಯಲ್ಲಿ ನಾವು ಸೊನ್ನೆ ಹಾಕುತ್ತಿದ್ದೆವು. ಇಲ್ಲಿ ಹೋದದ್ದು ಅಂಕವಲ್ಲ, ಬೆರಳು.

ಲೆಕ್ಕ ಮಾಡಿ ನೋಡೋಣ. ಅರಿಶಿನಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇಕಡಾ 3ರ ಆಸುಪಾಸು. ಅಡುಗೆಗೆ ಒಂದು ಗ್ರಾಂ ಅರಿಶಿನ ಹಾಕಿದರೆ 30 ಮಿಲಿಗ್ರಾಂ ಸಿಕ್ಕಿತು. ಅದು ನೀರಿನಲ್ಲಿ ಕರಗದು. ಲೋಟದ ನೀರಿಗೆ ಅರಿಶಿನ ಹಾಕಿ ಬಿಟ್ಟರೆ ತಳದಲ್ಲಿ ಕೂರುವುದನ್ನು ನೀವೇ ನೋಡಬಹುದು. ಹೊಟ್ಟೆಗೆ ಹೋದದ್ದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ಅಷ್ಟು ಕರ್ಕ್ಯುಮಿನ್ ಪಡೆಯಲು ಸುಮಾರು 65 ಗ್ರಾಂ ಅರಿಶಿನಪುಡಿ ಬೇಕು! ಆದರೂ ರಕ್ತದಲ್ಲಿ ಅದು ಸಿಕ್ಕಿತೋ ಇಲ್ಲವೋ ಎಂಬಷ್ಟು ಕಡಿಮೆಯಿತ್ತು. ಜೊತೆಗೆ ಕರಿಮೆಣಸಿನ ಪೈಪರಿನ್ ಎಂಬ ಅಂಶವನ್ನು 20 ಮಿಲಿಗ್ರಾಂ ಕೊಟ್ಟಾಗ ದೇಹಕ್ಕೆ ದಕ್ಕುವ ಪ್ರಮಾಣ ಶೇಕಡಾ 2000ರಷ್ಟು ಏರಿತು.

ಸೀಸೆಗಳಲ್ಲಿ ಮೆಣಸಿನ ಸತ್ವವನ್ನೂ ಸೇರಿಸುವುದು ಇದಕ್ಕಾಗಿಯೇ. ಆದರೆ ಪೈಪರಿನ್ ಬಾಗಿಲು ತೆರೆಯುವುದು ಕರ್ಕ್ಯುಮಿನ್‌ಗೆ ಮಾತ್ರವಲ್ಲ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರಾನೊಲಾಲ್‌ನಂಥ ಕೆಲವು ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ಅಮೆರಿಕದ ವೈದ್ಯರ ತಂಡವೊಂದು 2022ರಲ್ಲಿ ಅರಿಶಿನದ ಗುಳಿಗೆಗಳಿಗೆ ಸಂಬಂಧಿಸಿದ ಯಕೃತ್ತಿನ ಹಾನಿಯ 10 ಪ್ರಕರಣಗಳನ್ನು ವರದಿ ಮಾಡಿತು. ಅವರಲ್ಲಿ ಒಬ್ಬರು ತೀರಿಕೊಂಡರು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಕಾಗಿಲ್ಲ. ಅದು ಆಹಾರ. ಅದರೊಳಗಿನ ಒಂದೇ ಅಂಶವನ್ನು ಹಿಂಡಿ, ನೂರಾರು ಪಟ್ಟು ಮಾಡಿ, ರಕ್ತಕ್ಕೆ ಹೊಗಿಸಿದರೆ ಅದು ಔಷಧದ ಪಂಕ್ತಿಯಲ್ಲಿ ಕೂರುತ್ತದೆ. ಆಗ ಔಷಧಕ್ಕೆ ಕೇಳುವ ಪ್ರಶ್ನೆಗಳನ್ನೆಲ್ಲ ಅದಕ್ಕೂ ಕೇಳಬೇಕು: ಎಷ್ಟು, ಯಾರಿಗೆ, ಎಷ್ಟು ದಿನ, ಯಾವುದರ ಜೊತೆಗೆ?

ನಾನು ಇದನ್ನು ಹೇಳಿ ಮುಗಿಸಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಅಲ್ಲದ ಚಹಾನೂ ಬಿಡಬೇಕೇನು?’ ಎಂದು ಕೇಳಿದರು. ಸಕ್ಕರೆ ಬಿಡಿ, ಅಲ್ಲ ಬಿಡಬೇಡಿ ಎಂದೆ. ಈಗ ಅವರು ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾರೆ. ಕಾಕು ಎಣಿಸಿ ಇಡುತ್ತಾರೆ.

ನನ್ನ ವಿದ್ಯಾರ್ಥಿಗಳಲ್ಲಿ ಶುಂಠಿ ಬೆಳೆಯುವವರಿದ್ದೀರಿ, ಔಷಧದ ಅಂಗಡಿ ಇಟ್ಟವರಿದ್ದೀರಿ, ಇಂಥ ಯಂತ್ರಗಳ ಮುಂದೆ ಕುಳಿತು ದುಡಿಯುವವರೂ ಇದ್ದೀರಿ. ಬಂಧುಗಳಲ್ಲಿ ಮಾತ್ರೆಯ ಡಬ್ಬಿಯೊಡನೆ ಬಾಳುವವರೇ ಹೆಚ್ಚು. ಮನೆಯಲ್ಲಿ ಯಾರ ತಲೆದಿಂಬಿನ ಬಳಿಯಾದರೂ ಇಂಥ ಸೀಸೆಯಿದ್ದರೆ ಜಗಳವಾಡಬೇಡಿ, ನಗಬೇಡಿ. ಅದನ್ನು ಚೀಲದಲ್ಲಿ ಹಾಕಿಕೊಂಡು, ಅವರನ್ನೂ ಕರೆದುಕೊಂಡು ಮುಂದಿನ ಸಲ ವೈದ್ಯರಲ್ಲಿಗೆ ಹೋಗಿರಿ. ಸೀಸೆಯನ್ನು ಮೇಜಿನ ಮೇಲಿಟ್ಟು, ‘ಇದನ್ನೂ ತೆಗೆದುಕೊಳ್ಳುತ್ತಿದ್ದಾರೆ’ ಎಂದು ಹೇಳಿರಿ. ಅಷ್ಟು ಸಾಕು.