ಶಿಶುಬುದ್ಧನ ಹರಿವಾಣ

ಅಭಿಷೇಕ ನಡೆಯುತ್ತಿರುವಾಗ ಭಕ್ತರ ದೃಷ್ಟಿ ವಿಗ್ರಹದ ಶಿರಸ್ಸಿನಿಂದ ಪಾದದವರೆಗೆ ನೀರಿನೊಡನೆ ಇಳಿದು ಬಂದು ಅಲ್ಲಿಯೇ ನಿಂತುಬಿಡುವುದು ವಾಡಿಕೆ. ಪಾದದಿಂದ ಕೆಳಕ್ಕೆ ಜಾರಿದ ಜಲವನ್ನು ಹಿಡಿದ ಪಾತ್ರೆ ಯಾವುದು, ಅದರ ಅಂಚು ಒಳಕ್ಕೆ ಬಾಗಿದೆಯೋ ಹೊರಕ್ಕೆ ಚಾಚಿದೆಯೋ ಎಂದು ವಿಚಾರಿಸುವವರು ಅರ್ಚಕರನ್ನು ಬಿಟ್ಟರೆ ಮತ್ತೊಬ್ಬರಿರಲಾರರು, ಅರ್ಚಕರಿಗಾದರೂ ಅದನ್ನು ತುಳುಕದಂತೆ ಒಳಗೆ ಸಾಗಿಸುವ ಚಿಂತೆಯೇ ಹೊರತು ಅದರ ಸೌಂದರ್ಯವಿಮರ್ಶೆಯ ಗೊಡವೆಯಿಲ್ಲ. ನನ್ನ ಕಣ್ಣು ಮೊದಲಿನಿಂದಲೂ ಸ್ವಲ್ಪ ಅಡ್ಡದಾರಿಯದು; ದೇವರಿಗಿಂತ ದೇವರ ಪಾತ್ರೆಪರಡಿಗಳ ಮೇಲೆ ಅದಕ್ಕೆ ಆಸೆ ಹೆಚ್ಚು. ಈ ದೌರ್ಬಲ್ಯಕ್ಕೆ ಒಂದು ಗೌರವಯುತವಾದ ಸಮರ್ಥನೆ ದೊರೆತದ್ದು ಜಪಾನಿನ ನಾರಾ ನಗರದಲ್ಲಿ, ತೋದಾಯ್‌ಜಿ ಎಂಬ ಮಹಾವಿಹಾರಕ್ಕೆ ಸೇರಿದ ಒಂದು ಕಂಚಿನ ಹರಿವಾಣದ ಮುಂದೆ.

ಹರಿವಾಣವು ಕ್ರಿಸ್ತಶಕ 8ನೆಯ ಶತಮಾನದ್ದು. ಅಡ್ಡಳತೆ ಸುಮಾರು 89 ಸೆಂಟಿಮೀಟರು. ಅಂದರೆ ಇಬ್ಬರು ಎದುರುಬದುರಾಗಿ ಹಿಡಿದರೆ ಮಾತ್ರ ಎತ್ತಲು ಸಲೀಸಾದ ಪಾತ್ರೆ. ಅದರ ನಟ್ಟನಡುವೆ ಸುಮಾರು 47 ಸೆಂಟಿಮೀಟರು ಎತ್ತರದ, ಚಿನ್ನದ ಮುಲಾಮಿನ ಒಂದು ಶಿಶುವಿಗ್ರಹ ನಿಂತಿದೆ. ಲುಂಬಿನೀವನದಲ್ಲಿ ಜನಿಸಿದೊಡನೆಯೇ ಏಳು ಹೆಜ್ಜೆ ನಡೆದು, ಒಂದು ಕೈಯಿಂದ ಆಕಾಶವನ್ನೂ ಇನ್ನೊಂದರಿಂದ ಭೂಮಿಯನ್ನೂ ತೋರಿಸಿ, ಲೋಕದಲ್ಲಿ ತನಗೆ ಸಮಾನರಿಲ್ಲವೆಂದು ಸಾರಿದನೆಂಬ ಶಾಕ್ಯಕುಮಾರನ ರೂಪ ಅದು. ಬಲಗೈ ಮೇಲೆ, ಎಡಗೈ ಕೆಳಗೆ. ದುಂಡು ಕೆನ್ನೆ, ಹಾಲುಂಡ ತೋಳು, ತುಟಿಯಂಚಿನಲ್ಲಿ ಅಂತಹ ಘೋಷಣೆ ಮಾಡಿದ ಯಾರಿಗೂ ಇರಲಾಗದಂತಹ ಮುಗ್ಧವಾದ ನಗು. ಜಪಾನಿನಲ್ಲಿ ಇಂತಹ ಜನ್ಮಬುದ್ಧರು ಅನೇಕರಿದ್ದಾರೆ. ಹೆಚ್ಚಿನವರು ಗೇಣುದ್ದವನ್ನೂ ಮುಟ್ಟುವುದಿಲ್ಲ. ಪ್ರಾಚೀನವಾದವುಗಳಲ್ಲಿ ಈ ಗಾತ್ರದ್ದು ಬೇರೆ ಇಲ್ಲ. ವಿಗ್ರಹವನ್ನೂ ಹರಿವಾಣವನ್ನೂ ಜೊತೆಯಾಗಿಯೇ ಆ ದೇಶ ತನ್ನ ರಾಷ್ಟ್ರನಿಧಿಯೆಂದು ಸಾರಿದೆ.

ಜೊತೆಯಾಗಿ ಎಂಬುದು ಸರಕಾರದ ಮಾತು. ಪ್ರವಾಸಿಗಳು ಬಂದು ಶಿಶುವನ್ನು ನೋಡಿ, ಅದರ ನಗುವಿಗೆ ತಾವೂ ಒಂದು ನಗುವನ್ನು ಸಲ್ಲಿಸಿ ಮುಂದೆ ಹೋಗುತ್ತಾರೆ. ಅವರು ಸ್ವಲ್ಪ ಬಾಗಿದರೆ ಹರಿವಾಣದ ಹೊರಮೈಯಲ್ಲಿ ಒಂದು ಪ್ರಪಂಚವೇ ಸುತ್ತುತ್ತಿರುವುದು ಕಾಣುವುದು. ಕೂದಲೆಳೆಯಂತಹ ಗೀರುಗಳಲ್ಲಿ ಬೆಟ್ಟಗಳಿವೆ, ಹೂಗಿಡಗಳಿವೆ, ಮೇಘಗಳಿವೆ. ಹಾರುವ ಹಕ್ಕಿ, ಓಡುವ ಮೃಗ, ಚಿಟ್ಟೆ, ಆಟದ ಮಕ್ಕಳು, ಪಕ್ಷಿಯ ಬೆನ್ನೇರಿ ಗಗನದಲ್ಲಿ ಸಂಚರಿಸುವ ಸಿದ್ಧಪುರುಷರು ಇದ್ದಾರೆ. ಈ ಸಿದ್ಧರು ಬೌದ್ಧರಲ್ಲ. ಚೀನದ ತಾವೋ ಪಂಥದ ಅಮರರು. ಸಮುದ್ರವನ್ನು ದಾಟಿ ಬಂದ ತಾಂಗ್ ಯುಗದ ಅಲಂಕಾರಪದ್ಧತಿಯೊಡನೆ ಇವರೂ ಬಂದು, ಬುದ್ಧನ ಸ್ನಾನದ ಪಾತ್ರೆಯ ಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ನೆಲಸಿದರು. ಒಳಗೆ ಜಗದ್ಗುರುವು ಏಕಾಂಗಿಯಾಗಿ ಬೆರಳೆತ್ತಿ ನಿಂತಿದ್ದಾನೆ. ಹೊರಗೆ ಜಗತ್ತು ತನ್ನ ಪಾಡಿಗೆ ತಾನು ಚಿಟ್ಟೆಯ ಹಿಂದೆ ಓಡುತ್ತಿದೆ. ಇದು ಶಿಲ್ಪಿಯ ಉದ್ದೇಶವೇ ಎಂದು ಕೇಳಿದರೆ ಪಂಡಿತರು ಅಲ್ಲವೆನ್ನಬಹುದು. ನಾನು ಪಂಡಿತನಲ್ಲದ್ದರಿಂದ ಹೌದೆನ್ನುತ್ತೇನೆ.

ಹುಟ್ಟಿದ ಬೋಧಿಸತ್ವನಿಗೆ ಆಕಾಶದಿಂದ ಎರಡು ಜಲಧಾರೆಗಳು, ಒಂದು ತಣ್ಣಗೆ ಒಂದು ಬೆಚ್ಚಗೆ, ಇಳಿದುವೆಂಬ ಕಥೆ ಅಶ್ವಘೋಷನ ಬುದ್ಧಚರಿತದಲ್ಲಿಯೇ ಇದೆ. ಆ ನೀರನ್ನು ಎರೆದವರು ನಂದ ಉಪನಂದರೆಂಬ ನಾಗರಾಜರೆಂದು ಲಲಿತವಿಸ್ತರ ಹೇಳುತ್ತದೆ. ವಿಹಾರಗಳಲ್ಲಿ ಪ್ರತಿಮೆಗೆ ಮಜ್ಜನ ಮಾಡಿಸುವ ಪದ್ಧತಿಯನ್ನು ಮಾತ್ರ ಅತ್ಯಂತ ವಿವರವಾಗಿ ಬರೆದಿಟ್ಟವನು ಚೀನದ ಯಾತ್ರಿಕ ಇತ್ಸಿಂಗ್. 671ರಲ್ಲಿ ಸ್ವದೇಶವನ್ನು ಬಿಟ್ಟು ನಾಲಂದೆಯಲ್ಲಿ ಸುಮಾರು ಹತ್ತು ವರ್ಷ ಓದಿದ ಈ ಭಿಕ್ಷು, ಭಾರತದ ವಿಹಾರಗಳಲ್ಲಿ ಪೂರ್ವಾಹ್ನದಲ್ಲಿ ಗಂಟೆ ಬಾರಿಸಿ, ಅಂಗಳದಲ್ಲಿ ಮೇಲುಕಟ್ಟು ಕಟ್ಟಿ, ವಿಗ್ರಹವನ್ನು ತಂದು ಹರಿವಾಣದಲ್ಲಿ ನಿಲ್ಲಿಸಿ, ಗಂಧವನ್ನು ಲೇಪಿಸಿ, ಸುಗಂಧಜಲವನ್ನು ಎರೆದು, ಶುಭ್ರವಾದ ಬಿಳಿಯ ವಸ್ತ್ರದಿಂದ ಒರಸುವ ಕ್ರಮವನ್ನು ಒಂದನ್ನೂ ಬಿಡದೆ ವರ್ಣಿಸುತ್ತಾನೆ. ತಾಮ್ರದ ವಿಗ್ರಹಗಳನ್ನು ನುಣ್ಣನೆಯ ಬೂದಿಯಿಂದಲೋ ಇಟ್ಟಿಗೆಯ ಪುಡಿಯಿಂದಲೋ ಉಜ್ಜಿ, ಶುದ್ಧ ನೀರಿನಲ್ಲಿ ತೊಳೆದು ಕನ್ನಡಿಯಂತೆ ಮಾಡಬೇಕೆಂಬ ಅವನ ಮಾತನ್ನು ಓದಿದಾಗ ಹಬ್ಬದ ಹಿಂದಿನ ದಿನ ನಮ್ಮ ಹಿತ್ತಲಿನ ಬಾವಿಕಟ್ಟೆಯ ಮೇಲೆ ಹುಣಸೆಹಣ್ಣು ಬೂದಿಗಳ ನಡುವೆ ಕುಳಿತ ಹೆಂಗಸರು ಯಾರಿಗೆ ತಾನೆ ನೆನಪಾಗರು! ಸಾವಿರದ ಮುನ್ನೂರು ವರ್ಷಗಳಲ್ಲಿ ಈ ಶಾಸ್ತ್ರ ಒಂದಿಷ್ಟೂ ಮುಂದುವರಿದಿಲ್ಲವೆಂಬುದು ಸಂತೋಷದ ವಿಷಯ.

ಜಪಾನಿಗೆ ಈ ಆಚಾರ ಇತ್ಸಿಂಗನಿಗಿಂತ ಮೊದಲೇ ತಲಪಿತ್ತು. 606ರಿಂದ ಮೊದಲುಗೊಂಡು ಪ್ರತಿವರ್ಷ ನಾಲ್ಕನೆಯ ತಿಂಗಳ ಎಂಟನೆಯ ದಿನ ವಿಹಾರಗಳಲ್ಲಿ ಸಂತರ್ಪಣೆ ನಡೆಯತಕ್ಕದ್ದೆಂಬ ಆಜ್ಞೆ ಆ ದೇಶದ ಪ್ರಾಚೀನ ಇತಿಹಾಸಗ್ರಂಥವಾದ ನಿಹೋನ್ ಷೋಕಿಯಲ್ಲಿ ದಾಖಲೆಯಾಗಿದೆ. ಈಗ ಅದು ಏಪ್ರಿಲ್ 8ರ ಪುಷ್ಪೋತ್ಸವ. ಹೂವಿನ ಮಂಟಪದಲ್ಲಿ ನಿಂತ ಪುಟ್ಟ ಬುದ್ಧನ ತಲೆಯ ಮೇಲೆ ಜನ ಸಾಲಾಗಿ ಬಂದು, ಒಂದು ಬಗೆಯ ಎಲೆಯಿಂದ ಇಳಿಸಿದ ಸಿಹಿಯಾದ ಕಷಾಯವನ್ನು ಬಿದಿರಿನ ಸೌಟಿನಲ್ಲಿ ಎರೆಯುತ್ತಾರೆ. ಗಂಧೋದಕದ ಸ್ಥಾನಕ್ಕೆ ಕಷಾಯ ಬಂದದ್ದು ಈಚೆಗೆ. ಮಕ್ಕಳಿಗೆ ಇದೇ ಹೆಚ್ಚು ಇಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಪಾತ್ರೆಯ ನಿರ್ಮಾಣದ ವಿಷಯ. ವಿಗ್ರಹವನ್ನು ಎರಕ ಹೊಯ್ಯುವುದೇ ಕಷ್ಟ, ತಟ್ಟೆಯೊಂದನ್ನು ಹೊಯ್ಯುವುದರಲ್ಲಿ ಏನಿದೆ ಎಂದು ಕೇಳುವವರು ಯಾವನಾದರೂ ಕಂಚುಗಾರನ ಮುಂದೆ ಆ ಪ್ರಶ್ನೆಯನ್ನು ಎತ್ತದಿರುವುದು ಕ್ಷೇಮ. ಚಿಕ್ಕ ವಿಗ್ರಹಗಳನ್ನು ಆ ಕಾಲದಲ್ಲಿ ಮೇಣದ ಅಚ್ಚಿನಿಂದ ಮಾಡುತ್ತಿದ್ದರು: ಮಣ್ಣಿನ ತಿರುಳಿನ ಮೇಲೆ ಮೇಣದಲ್ಲಿ ರೂಪವನ್ನು ತಿದ್ದಿ, ಅದಕ್ಕೆ ಮತ್ತೆ ಮಣ್ಣು ಮೆತ್ತಿ ಸುಟ್ಟು, ಮೇಣ ಹರಿದು ಹೋದ ಎಡೆಗೆ ಕರಗಿದ ಲೋಹವನ್ನು ಹೊಯ್ಯುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ವಿವರಿಸಿರುವುದೂ ಇದೇ ಕುಲದ ವಿಧಾನವನ್ನೇ. ಮೇಣದ ತೂಕದಿಂದ ಬೆಳ್ಳಿಯಾದರೆ ಇಷ್ಟು ಮಡಿ, ಬಂಗಾರವಾದರೆ ಇಷ್ಟು ಮಡಿ ಎಂದು ಲೆಕ್ಕ ಹಾಕಿ ಹೇಳುವ ಅರಸು ನಮ್ಮವನೇ ಎಂಬ ಹೆಮ್ಮೆಯನ್ನು ಇಲ್ಲಿ ಒಂದು ಗಳಿಗೆ ಅನುಭವಿಸಿ ಮುಂದೆ ಹೋಗೋಣ. ವಿಗ್ರಹದಲ್ಲಿ ಲೋಹ ದಪ್ಪವಾಗಿ ನಿಲ್ಲುತ್ತದೆ. ಬಟ್ಟೆಯ ಮಡಿಕೆಯಲ್ಲಿ, ಜಡೆಯ ಸುರುಳಿಯಲ್ಲಿ ಚಿಕ್ಕ ನ್ಯೂನತೆ ಅಡಗಿಕೊಳ್ಳುತ್ತದೆ. ಅಗಲವಾದ, ಹೆಚ್ಚು ಆಳವಿಲ್ಲದ ಪಾತ್ರೆಗೆ ಅಂತಹ ಯಾವ ಮರೆಯೂ ಇಲ್ಲ. ಒಳ ಅಚ್ಚಿಗೂ ಹೊರ ಅಚ್ಚಿಗೂ ನಡುವಣ ಕಿರಿದಾದ ಸಂದಿನಲ್ಲಿ ಕುದಿಯುವ ಲೋಹವು ಒಂದೇ ಉಸಿರಿನಲ್ಲಿ ಸುತ್ತೆಲ್ಲ ಹರಿದು ಮುಟ್ಟಬೇಕು. ಎಲ್ಲಿಯಾದರೂ ಒಂದು ಕಡೆ ಅದು ತುಸು ಮೊದಲೇ ತಣಿದರೆ ಅಲ್ಲಿ ಸೀಳು, ಗಾಳಿ ಸಿಕ್ಕಿಕೊಂಡರೆ ಅಲ್ಲಿ ರಂಧ್ರ, ಆರುವಾಗ ಒಂದು ಮಗ್ಗುಲು ಹೆಚ್ಚು ಕುಗ್ಗಿದರೆ ಪಾತ್ರೆಯೇ ಸೊಟ್ಟ. ತಾಮ್ರಕ್ಕೆ ತವರವನ್ನೂ ಸೀಸವನ್ನೂ ಬೆರೆಸುವುದರ ಹಿಂದೆ ಈ ಭಯವೇ ಇದೆ: ತವರದಿಂದ ಲೋಹಕ್ಕೆ ಗಟ್ಟಿತನ ಬರುತ್ತದೆ, ಬೇಗನೆ ಕರಗುವ ಗುಣವೂ ಬರುತ್ತದೆ, ಸೀಸದಿಂದ ಹರಿವು ಬರುತ್ತದೆ, ಮುಂದೆ ಉಳಿಗೆ ಬಗ್ಗುವ ಸೌಮ್ಯತೆಯೂ ಬರುತ್ತದೆ.

ಎರಕದಿಂದ ಹೊರಬಂದ ಒರಟು ಪಾತ್ರೆಯನ್ನು ತಿರುಗಣೆಗೆ ಹಿಡಿದು ಕಡೆಯುವ ಕೆಲಸಗಾರರು ಆ ಕಾಲದ ನಾರಾದಲ್ಲಿ ಪ್ರತ್ಯೇಕವಾಗಿಯೇ ಇದ್ದರು. ಒಬ್ಬನು ಹಗ್ಗವನ್ನೆಳೆದು ತಿರುಗಿಸುವನು, ಇನ್ನೊಬ್ಬನು ಉಳಿ ಹಿಡಿಯುವನು. ಅನಂತರ ಗೀರುಗಾರನ ಸರದಿ. ಕಾಗದದ ಮೇಲೆ ಕುಂಚ ತಪ್ಪಿದರೆ ಬೇರೆ ಕಾಗದವುಂಟು, ಮರದಲ್ಲಿ ಉಳಿ ತಪ್ಪಿದರೆ ಸ್ವಲ್ಪ ಕೆತ್ತಿ ಸರಿಮಾಡಬಹುದು. ಎರಕದ ಕಂಚಿನ ಮೇಲೆ ಬಿದ್ದ ಗೀರು ಬಿದ್ದದ್ದೇ. ಅದರಲ್ಲಿಯೂ ಇಲ್ಲಿ ಮೈ ಸಮನಾದದ್ದಲ್ಲ, ಕೆಳಗಿಳಿದಂತೆ ಒಳಕ್ಕೆ ಜಾರುವಂಥದು. ಚಿಟ್ಟೆಯ ಮೀಸೆಯನ್ನು ಅದರ ಮೇಲೆ ಬಿಡಿಸಿದ ಕೈಗೆ ಹೆಸರು ಉಳಿದಿಲ್ಲ. ತೋದಾಯ್‌ಜಿಯ ಮಹಾಬುದ್ಧನನ್ನು ನಿರ್ಮಿಸಿದ ಕುನಿನಾಕ ನೊ ಕಿಮಿಮಾರೊ ಎಂಬವನು ಮಾತ್ರ ಚರಿತ್ರೆಯಲ್ಲಿ ಹೆಸರನ್ನು ಉಳಿಸಿಕೊಂಡಿದ್ದಾನೆ. ಕೊರಿಯಾದ ಪೆಕ್ಚೆ ರಾಜ್ಯದಿಂದ ವಲಸೆ ಬಂದವನೊಬ್ಬನ ಮೊಮ್ಮಗ ಅವನು.

ಆ ಮಹಾಬುದ್ಧನ ಕಥೆಗೂ ಈ ಪುಟ್ಟ ಬುದ್ಧನ ಕಥೆಗೂ ನಂಟಿದೆ. ಚಕ್ರವರ್ತಿ ಷೋಮುವಿನ ಸಂಕಲ್ಪದಂತೆ ಸುಮಾರು 15 ಮೀಟರು ಎತ್ತರದ ಆ ಕಂಚಿನ ವೈರೋಚನನನ್ನು ಕೆಳಗಿನಿಂದ ಮೇಲಕ್ಕೆ ಎಂಟು ಹಂತಗಳಲ್ಲಿ ಎರಕ ಹೊಯ್ದರು. 752ರಲ್ಲಿ ನೇತ್ರೋನ್ಮೀಲನ ನಡೆಯಿತು. ಕುಂಚವನ್ನು ಹಿಡಿದು ಕಣ್ಣು ಬಿಡಿಸಿದವನು ಭಾರತದಿಂದ ಹೋಗಿ 736ರಲ್ಲಿ ಆ ದೇಶವನ್ನು ಸೇರಿದ್ದ ಬೋಧಿಸೇನನೆಂಬ ಭಿಕ್ಷು. ಶಿಶುಬುದ್ಧನೂ ಹರಿವಾಣವೂ ಆ ಕಾಲದ ಸಂಭ್ರಮದ ಸಂತಾನವೆಂದೇ ಎಣಿಕೆ. ಮುಂದೆ 1180ರ ಕೊನೆಯಲ್ಲಿ ತೈರಾ ಮನೆತನದ ಸೈನ್ಯವು ನಾರಾಕ್ಕೆ ಇಟ್ಟ ಬೆಂಕಿಯಲ್ಲಿ ಮಹಾಬುದ್ಧನ ಮಂದಿರ ಉರಿದು ವಿಗ್ರಹ ಕರಗಿತು, ಅದನ್ನು ಸರಿಪಡಿಸಿದರು. 1567ರ ಯುದ್ಧದಲ್ಲಿ ಮತ್ತೆ ಉರಿಯಿತು, ಶಿರಸ್ಸು ಬಿದ್ದಿತು. ತಾತ್ಕಾಲಿಕವಾಗಿ ಕಟ್ಟಿದ ಮಂದಿರವನ್ನು 1610ರಲ್ಲಿ ಬಿರುಗಾಳಿ ಕೆಡವಿತು. ಈಗ ನಾವು ನೋಡುವ ಶಿರಸ್ಸು 17ನೆಯ ಶತಮಾನದ ಕೊನೆಯದು, ಮಂದಿರ 1709ರದು. ನಡುವಣ ನೂರು ವರ್ಷ ಆ ಮಹಾಮೂರ್ತಿಗೆ ಮಳೆಯದೇ ಅಭಿಷೇಕ. ನಾರಾದ ನೆಲವೇ ಹರಿವಾಣ. ಹಾಗಿರಲು, ಎರಡು ಮೊಳ ಅಗಲದ ಈ ಪಾತ್ರೆಯೂ ಅದರೊಳಗಿನ ಮಗುವೂ ಎರಡೂ ಅಗ್ನಿಗಳಿಂದ ಪಾರಾಗಿ ಬಂದದ್ದು ಯಾರ ಪುಣ್ಯವೋ! ದೊಡ್ಡದನ್ನು ಎತ್ತಿಕೊಂಡು ಓಡಲಾಗದು, ಚಿಕ್ಕದನ್ನು ಎತ್ತಿಕೊಂಡು ಓಡಬಹುದು ಎಂಬ ಸಾಧಾರಣವಾದ ಕಾರಣವೇ ನಿಜವಿರಬಹುದು.

ಜಪಾನಿನ ಕಂಚಿನ ನೀರುಪಾತ್ರೆಗಳ ವಂಶ ಅಲ್ಲಿಗೆ ಮುಗಿಯಲಿಲ್ಲ. ಹೂವನ್ನು ಜೋಡಿಸುವ ತೆಳುವಾದ ಅಗಲದ ತಾಟಾಗಿ, ಕೈತೊಳೆಯುವ ಕುಂಡವಾಗಿ ಅದು ಮನೆಮಠಗಳಲ್ಲಿ ಬೆಳೆಯಿತು. ತಕಾಒಕ ಎಂಬ ಊರು 1609ರಲ್ಲಿ ಮಾಯೆದ ತೊಷಿನಾಗನೆಂಬ ಪಾಳೆಯಗಾರನು ಕೋಟೆ ಕಟ್ಟಿ ನೆಲೆಗೊಳಿಸಿದ್ದು. ಎರಡು ವರ್ಷಗಳ ಅನಂತರ ಅವನು ಏಳು ಮಂದಿ ಎರಕಗಾರರನ್ನು ಕರೆದು ನಿವೇಶನ ಕೊಟ್ಟ ಕನಾಯ ಬೀದಿಯಿಂದ ಇಂದಿಗೂ ಕಂಚು ಹೊರಡುತ್ತಿದೆ. 1876ರಲ್ಲಿ ಖಡ್ಗಧಾರಣೆಯನ್ನು ಸರಕಾರ ನಿಷೇಧಿಸಿದಾಗ, ಕತ್ತಿಯ ಹಿಡಿಗೆ ಹೂಬಳ್ಳಿ ಕೆತ್ತುತ್ತಿದ್ದ ಕುಶಲರು ಕೆಲಸವಿಲ್ಲದೆ ಹೂದಾನಿ ಹರಿವಾಣಗಳತ್ತ ತಿರುಗಿದರು. 1873ರ ವಿಯೆನ್ನಾ ಪ್ರದರ್ಶನದಿಂದ ಮೊದಲಾಗಿ ಪಾಶ್ಚಾತ್ಯರ ಹಣ ಹೇರಳವಾಗಿ ಬಂದಿತು. ಹಣದೊಡನೆ ಅಲಂಕಾರದ ಅತಿರೇಕವೂ ಬಂದಿತು. ಅಂಚಿನಲ್ಲಿ ಡ್ರ್ಯಾಗನ್, ಕಾಲಿನಲ್ಲಿ ಡ್ರ್ಯಾಗನ್, ನೀರಿಗೆ ಮಾತ್ರ ಎಡೆಯಿಲ್ಲವೆಂಬಂತಹ ಪಾತ್ರೆಗಳನ್ನು ನೋಡಿದಾಗ ನನಗೆ ದಣಿವಾಗುತ್ತದೆ.

ಆದರೆ ಆ ಕಾಲದ ಅತ್ಯುಕ್ತಿಯಲ್ಲಿಯೂ ಕೆಡದೆ ಉಳಿದ ಒಂದು ವಿದ್ಯೆಯೆಂದರೆ ಲೋಹಕ್ಕೆ ಬಣ್ಣ ಬರಿಸುವುದು. ಹಚ್ಚಿದ ಬಣ್ಣವಲ್ಲ, ಲೋಹದ ಮೈಯಿಂದಲೇ ಹೊರಡಿಸಿದ ಬಣ್ಣ. ತಾಮ್ರದ ಲವಣಗಳನ್ನು ಕದಡಿದ ನೀರಿನಲ್ಲಿ ಪಾತ್ರೆಯನ್ನು ಕುದಿಸುತ್ತಾರೆ; ಅದಕ್ಕೆ ಮುಂಚೆ ಬಣ್ಣ ಕಲೆಕಲೆಯಾಗಿ ಹತ್ತದಿರಲೆಂದು ಮೈಗೆಲ್ಲ ತುರಿದ ಬಿಳಿಯ ಮೂಲಂಗಿಯನ್ನು ಬಳಿಯುತ್ತಾರೆ. ಅಕ್ಕಿಯ ತೌಡನ್ನು ಲೇಪಿಸಿ ಸುಡುವ ಕ್ರಮವೂ ಉಂಟು. ಕಂದು, ಕಪ್ಪು, ದಾಳಿಂಬೆಯ ಕೆಂಪು, ಹಾವಸೆಯ ಹಸುರು, ಎಲ್ಲವೂ ಅಡುಗೆಮನೆಯ ಈ ಸಾಮಗ್ರಿಗಳಿಂದ ಹುಟ್ಟುತ್ತವೆ. ಇಂತಹ ಪಾತ್ರೆಯನ್ನು ಕೊಂಡು ಮನೆಗೆ ತಂದು, ಮಾಸಿದೆಯೆಂದು ತಿಕ್ಕಿ ಹಳದಿಯಾಗಿ ಹೊಳೆಯಿಸಿದವರು ದೇಶವಿದೇಶಗಳಲ್ಲಿ ಇದ್ದಾರೆ. ಅವರು ಇತ್ಸಿಂಗನ ಶಾಸ್ತ್ರವನ್ನು ತಪ್ಪದೆ ಅನುಸರಿಸಿದವರೇ; ತಿಕ್ಕಬೇಕಾದ ಕಂಚು ಯಾವುದೆಂಬ ಒಂದು ವಿವೇಕವನ್ನು ಮಾತ್ರ ಮರೆತರು.

ನಾರಾಕ್ಕೆ ಹೋಗುವವರಿಗೆ ಒಂದು ಸೂಚನೆ. ತೋದಾಯ್‌ಜಿಯ ವಸ್ತುಸಂಗ್ರಹಾಲಯ ದಕ್ಷಿಣ ಮಹಾದ್ವಾರದ ಬಳಿಯಲ್ಲಿಯೇ ಇದೆ. ಮಹಾಬುದ್ಧನ ಸೆಳೆತಕ್ಕೂ ಜಿಂಕೆಗಳ ಕಾಟಕ್ಕೂ ಸಿಕ್ಕಿ ಜನ ಅದನ್ನು ದಾಟಿ ಹೋಗಿಬಿಡುತ್ತಾರೆ. ಮೊದಲು ಇಲ್ಲಿಗೆ ಹೋಗಿ. ಮಗುವಿನ ನಗುವನ್ನು ನೋಡಿ ಮುಗಿದ ಮೇಲೆ, ಕಾವಲಿನವರು ಸಂದೇಹಪಡುವಷ್ಟು ಕೆಳಕ್ಕೆ ಬಾಗಿ, ಗಾಜಿನ ಸುತ್ತ ಎಡೆಯಿರುವಷ್ಟು ದೂರ ಒಂದು ಪ್ರದಕ್ಷಿಣೆ ಬನ್ನಿ. ಸಿದ್ಧಪುರುಷನೊಬ್ಬನು ಹಕ್ಕಿಯ ಮೇಲೆ ಹೊರಟಿರುವುದನ್ನು ನೋಡಬೇಕಾದರೆ ಮಂಡಿಯೂರದೆ ವಿಧಿಯಿಲ್ಲ.